ಜೇನುತುಪ್ಪದಲ್ಲಿ ಕಲಸಿದ ಮಾತ್ರೆ

ಚಿಕ್ಕಂದಿನಿಂದಲೂ "ಯಾಕೆ?" ಎಂದು ಕೇಳಿ ಬೈಸಿಕೊಂಡವಳು ನಾನು. ದಾವಣಗೆರೆಯಲ್ಲಿ ಅಬ್ಬಾನ ಮಂಡಕ್ಕಿ ಭಟ್ಟಿಯ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ. ಅಬ್ಬಾ ಒಲೆಯ ಮುಂದೆ ಕೂತು ಒಂದಿಷ್ಟು ಕಾರಣ ಹೇಳುತ್ತಿದ್ದರು. ಹೆಂಡ ಹರಾಮ್, ಯಾಕೆಂದರೆ ಬುದ್ಧಿ ಕೈಬಿಡುತ್ತದೆ. ಬಡ್ಡಿ ಹರಾಮ್, ಯಾಕೆಂದರೆ ಕಷ್ಟದಲ್ಲಿರುವವನ ಹೊಟ್ಟೆಯ ಮೇಲೆ ಹೊಡೆಯುತ್ತದೆ. ಬೆನ್ನ ಹಿಂದೆ ಆಡಿಕೊಳ್ಳುವುದಂತೂ ಸತ್ತ ತಮ್ಮನ ಮಾಂಸ ತಿಂದ ಹಾಗೆ. ಅಮ್ಮಿಯ ಬಳಿ ಅಷ್ಟೆಲ್ಲ ಮಾತಿಲ್ಲ. ಹಂದಿ ಯಾಕೆ ತಿನ್ನಬಾರದು ಎಂದು ಕೇಳಿದರೆ, "ಹರಾಮ್ ಅಂದ್ರೆ ಹರಾಮ್, ಸುಮ್ನೆ ಉಣ್ಣು" ಅನ್ನುತ್ತಿದ್ದಳು.

ಅಂಥವಳ ಮಗಳಾದ ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದೆ. ಅಬ್ಬಾ ಹೋದ ಮೇಲೆ ಅಮ್ಮಿ ಹರಿಹರದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಹೋದ ವರ್ಷ ಅವಳ ಹೊಟ್ಟೆಯಲ್ಲಿ ಹುಣ್ಣಾಗಿ, ರಕ್ತ ವಾಂತಿಯಾಗಿ, ದಾವಣಗೆರೆಯ ಆಸ್ಪತ್ರೆಯಲ್ಲಿ ಎಂಟು ದಿನ ಮಲಗಿದ್ದಳು. ಬಿಡುಗಡೆ ಮಾಡುವಾಗ ಡಾಕ್ಟರಮ್ಮ ದಿನಾ ಬೆಳಿಗ್ಗೆ ಒಂದು ಕ್ಯಾಪ್ಸೂಲ್ ಬರೆದುಕೊಟ್ಟು, "ಇದನ್ನ ತಪ್ಪಿಸಬ್ಯಾಡ್ರಿ. ಇನ್ನೊಂದ್ಸಲ ರಕ್ತ ಹೋದ್ರೆ ಉಳಿಸೋದು ಕಷ್ಟ ಐತೆ" ಎಂದರು.

ವಾರ ಕಳೆಯುವುದರೊಳಗೆ ಪಕ್ಕದ ಮನೆಯಾಕೆ ತನ್ನ ಮೊಬೈಲಿಗೆ ಬಂದ ಒಂದು ವಿಡಿಯೋ ತೋರಿಸಿದ್ದಳು. ಕ್ಯಾಪ್ಸೂಲಿನ ಮೇಲಿನ ಸಿಪ್ಪೆಯನ್ನು ಹಂದಿಯ ಮೂಳೆಯಿಂದ ಮಾಡುತ್ತಾರಂತೆ. ಅಮ್ಮಿ ಅಂದೇ ಕ್ಯಾಪ್ಸೂಲ್ ಬಿಟ್ಟಳು. ವಿಷಯ ತಿಳಿದು ನನಗೆ ಮೈಯೆಲ್ಲ ಉರಿಯಿತು. ಆ ವಿಡಿಯೋ ಮಾಡಿದವನು ಕೈಗೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ. ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ಅಮ್ಮಿಯನ್ನು ಅವಳೇ ನಂಬುವ ಮಸೀದಿಯ ಹಜ್ರತರ ಮನೆಗೆ ಕರೆದೊಯ್ದೆ.

ಹಜ್ರತ್ ವಯಸ್ಸಾದವರು, ತಾಳ್ಮೆಯಿಂದ ಕೇಳಿಸಿಕೊಂಡರು. "ನೋಡ್ರಿ ಆಪಾ, ಅದು ದನದ್ದೋ ಹಂದಿದೋ ನಿಮಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹರಾಮ್ ಅಂತ ಸಾರೋದೂ ತಪ್ಪೇ. ಇನ್ನು ಜೀವಕ್ಕೆ ಸಂಚಕಾರ ಇದ್ದು ಬೇರೆ ದಾರಿ ಇಲ್ಲ ಅಂದ್ರೆ ಖುದಾನೇ ರಿಯಾಯಿತಿ ಕೊಟ್ಟಾನೆ. ತಗೋರಿ" ಎಂದರು.

ಅಮ್ಮಿ ಸೆರಗು ಸರಿಮಾಡಿಕೊಂಡು ತಲೆಯಾಡಿಸಿದಳು. ನಾನು ಗೆದ್ದೆ ಅಂದುಕೊಂಡೆ. ಅಲ್ಲಿಂದ ಮುಂದೆ ಫೋನಿನಲ್ಲಿ ದಿನಾ, "ಕ್ಯಾಪ್ಸೂಲ್ ಆಯ್ತಾ?" ಅನ್ನುವುದು ನಾನು, "ಆಯ್ತು" ಅನ್ನುವುದು ಅವಳು.

ಮೂರು ತಿಂಗಳಿಗೆ ಮತ್ತೆ ತಲೆ ತಿರುಗಿ ಬಿದ್ದಳು. ಮತ್ತೆ ಆಸ್ಪತ್ರೆ, ಮತ್ತೆ ರಕ್ತ ಏರಿಸಿದ್ದು. "ಔಷಧಿ ಸರಿಯಾಗಿ ತಗೊಂಡಿದ್ರೆ ಹುಣ್ಣು ಇಷ್ಟೊತ್ತಿಗೆ ಒಣಗಬೇಕಿತ್ತಲ್ಲ ಮೇಡಂ" ಎಂದು ಡಾಕ್ಟರಮ್ಮ ನನ್ನ ಮುಖ ನೋಡಿದರು. ನನಗೆ ಕುತ್ತಿಗೆ ಕೊಯ್ದಂತಾಯಿತು. ಅಮ್ಮಿಯನ್ನು ಮನೆಗೆ ಕರೆತಂದ ದಿನ ನಾನೂ ಹರಿಹರದಲ್ಲೇ ಉಳಿದೆ.

ಮರುದಿನ ಬೆಳಿಗ್ಗೆ ನಮಾಜು ಮುಗಿಸಿ ಅಡುಗೆಮನೆಗೆ ಬಂದ ಅಮ್ಮಿ, ನಾನು ಬಾಗಿಲಲ್ಲಿ ನಿಂತದ್ದನ್ನು ಗಮನಿಸಲಿಲ್ಲ. ಕ್ಯಾಪ್ಸೂಲನ್ನು ಎರಡು ಹೋಳು ಮಾಡಿ ಸಿಪ್ಪೆಯನ್ನು ಕಸದ ಬುಟ್ಟಿಗೆ ಎಸೆದಳು. ಒಳಗಿದ್ದ ಸಾಸಿವೆಗಿಂತ ಸಣ್ಣ ಬಿಳಿ ಕಾಳುಗಳನ್ನು ಎಲೆ ಅಡಿಕೆ ಕುಟ್ಟುವ ಕುಟ್ಟಾಣಿಗೆ ಸುರಿದು, ನುಣ್ಣಗೆ ಕುಟ್ಟಿ, ಜೇನುತುಪ್ಪದಲ್ಲಿ ಕಲಸಿ, ಬಿಸ್ಮಿಲ್ಲಾ ಎಂದು ನೆಕ್ಕಿದಳು.

ನನ್ನ ದನಿ ತಾನಾಗಿಯೇ ಏರಿತು. ನಮ್ಮ ಮನೆಮಾತು ಉರ್ದು, ಆದರೆ ಜಗಳಕ್ಕೆ ಇಬ್ಬರೂ ಕನ್ನಡಕ್ಕೇ ಇಳಿಯುತ್ತೇವೆ.

"ಹಜ್ರತ್ ಹೇಳಿದ್ದು ಸಾಲ್ಲಿಲ್ಲೇನು ನಿಂಗೆ?"

"ಅವ್ರು ಹೇಳಿದ್ದು ಕಿವಿ ಒಪ್ತು, ಬಾಯಿ ಒಪ್ಲಿಲ್ಲ. ಅರವತ್ತು ವರ್ಷದಿಂದ ಹಂದಿ ಮುಟ್ಟದ ಬಾಯಿ ಇದು."

"ತನ್ನ ಜೀವ ತಾನೇ ಹಾಳು ಮಾಡ್ಕೊಳ್ಳೋದೂ ಹರಾಮೇ. ಅದಕ್ಕೇನಂತಿ?"

ಅಮ್ಮಿ ಕುಟ್ಟಾಣಿ ತೊಳೆಯತೊಡಗಿದಳು. ನಾನು ಡಾಕ್ಟರಮ್ಮನಿಗೆ ಫೋನು ಮಾಡಿ, ಅಮ್ಮಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದೆ. ಸಿಪ್ಪೆ ಎಸೆದು ಕಾಳು ಕುಟ್ಟುವುದನ್ನು ಹೇಳಿ, ನೀವಾದರೂ ಬೈಯಿರಿ ಎಂದೆ.

"ಸಿಪ್ಪೆ ಎಸೆದ್ರೆ ಏನೂ ಆಗಲ್ಲ ಬಿಡ್ರಿ. ಕುಟ್ಟಬಾರ್ದು ಅಷ್ಟೆ. ಆ ಕಾಳಿಗೆ ಒಂದು ಲೇಪ ಇರ್ತೈತೆ. ಪುಡಿ ಮಾಡಿದ್ರೆ ಹೊಟ್ಟೆ ಆಮ್ಲದಾಗೆ ಔಷಧಿ ಸತ್ತೋಗುತ್ತೆ. ಕಾಳು ಹಂಗೇ ಜೇನುತುಪ್ಪದಾಗೆ ಹಾಕಿ, ಅಗಿಯದಂಗೆ ನುಂಗ್ಲಿ. ಮೊದಲೇ ಕೇಳಬಾರ್ದಿತ್ತೇನ್ರಿ?"

ಫೋನು ಇಟ್ಟೆ. ಆಮ್ಲದ ಪಾಠವನ್ನು ವರ್ಷವರ್ಷವೂ ಮಕ್ಕಳಿಗೆ ಹೇಳಿಕೊಡುವವಳು ನಾನೇ. ಯಾಕೆ ಹರಾಮ್, ಯಾವುದು ಹರಾಮ್ ಎಂದು ಹಜ್ರತರ ತನಕ ಅಲೆದ ನನಗೆ ಈ ಒಂದು ಪ್ರಶ್ನೆ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು.

ಅಮ್ಮಿ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಎದುರಿಗೆ ಕೂತಳು.

"ದಿನಾ ತಪ್ಪದಂಗೆ ತಗೊಂಡೀನಿ, ಬೇಟಿ. ನೀನೂ ದಿನಾ ಫೋನ್ ಮಾಡಿದಿ. ಆದ್ರೆ ಹೆಂಗೆ ತಗೋತಿ ಅಮ್ಮಿ ಅಂತ ಒಂದಿನನಾದ್ರೂ ಕೇಳಿದ್ಯಾ?"