ಕೋಳಿಯ ಎಲುಬು ಕೂಡಿಸುತ್ತಿದ್ದ ಮೇಡಂ

ಅವರ ಬೆರಳ ತುದಿಗಳಲ್ಲಿ ಯಾವಾಗಲೂ ಒಣಗಿದ ಅಂಟಿನ ಪೊರೆ ಇರುತ್ತಿತ್ತು. ಹಾಜರಿ ಕೂಗುತ್ತಲೇ ಅದನ್ನು ಸುಲಿಯುತ್ತಿದ್ದರು. ಏನೋ ಚರ್ಮರೋಗವಿರಬೇಕೆಂದು ನಾವು ಹುಡುಗಿಯರು ಮುಂದಿನ ಬೆಂಚು ಬಿಟ್ಟು ಕೂರುತ್ತಿದ್ದೆವು.

ಅರಸೀಕೆರೆಯ ಕಾಲೇಜಿನಲ್ಲಿ ನಮಗೆ ಜೀವಶಾಸ್ತ್ರ ಹೇಳಿಕೊಟ್ಟ ಮೇಡಂ ಅವರು. ಹಳೇಬೀಡಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಒಬ್ಬರೇ ಇದ್ದರು.

ಒಂದು ಬೆಳಿಗ್ಗೆ ತರಗತಿಗೆ ಅಸ್ಥಿಪಂಜರವೊಂದನ್ನು ತಂದು ಮೇಜಿನ ಮೇಲೆ ನಿಲ್ಲಿಸಿದರು. ಎರಡು ಕಾಲ ಮೇಲೆ ಮುಂದಕ್ಕೆ ಬಾಗಿ ನಿಂತಿತ್ತು. ಬಾಯಿ ತುಂಬ ಹಲ್ಲು, ಕೈಯಲ್ಲಿ ಉಗುರು, ಹಿಂದೆ ಉದ್ದನೆಯ ಬಾಲ.

"ಡೈನೋಸಾರ್ ಮೇಡಂ!" ಎಂದು ಕೂಗಿದೆವು.

ಅವರು ಅದರ ಮೂತಿಯನ್ನು ಕಿತ್ತರು. ಹಲ್ಲಿನ ಸಮೇತ ಬಂತು, ಕೆಂಪು ಜೇಡಿಮಣ್ಣು. ಉಗುರುಗಳೂ ಮಣ್ಣೇ. ಬಾಲ ಎಳೆದರು, ತಂತಿ. ಉಳಿದದ್ದು ಒಂದು ನಾಟಿ ಕೋಳಿ.

"ನಾನು ಸೇರಿಸಿದ್ದು ಇಷ್ಟೇ ಕಣ್ರೇ. ಮಿಕ್ಕಿದ್ದೆಲ್ಲ ಕೋಳೀದೇ. ಡೈನೋಸಾರ್ ಪೂರ್ತಿ ಸತ್ತೋದ್ವು ಅಂತ ಯಾರು ಹೇಳಿದ್ದು? ನಿಮ್ಮನೆ ಹಿತ್ತಲಲ್ಲಿ ಕಾಳು ತಿಂತಾ ಇವೆ."

ಆ ಭಾನುವಾರ ತಟ್ಟೆಯಲ್ಲಿದ್ದ ರೆಕ್ಕೆಯ ತುಂಡಿನಲ್ಲಿ ಒಂದಕ್ಕೊಂದು ಬೆಸೆದುಕೊಂಡ ಬೆರಳುಗಳು ಕಂಡು ನನ್ನ ಕೈ ನಿಂತುಹೋಯಿತು. "ಯಾಕೇ, ಉಪ್ಪು ಜಾಸ್ತಿ ಆಗೈತಾ?" ಎಂದಳು ಅವ್ವ.

ಆಮೇಲೆ ರಜೆ ಬಂದರೆ ನಾನು ಅವರ ಮನೆಯಲ್ಲೇ. ಎಲುಬು ಬೇಯಿಸುವುದು, ಉಜ್ಜುವುದು, ಒಣಗಿಸುವುದು, ಅಂಟು ಹಾಕಿ ಕೂಡಿಸುವುದು. ಇಲ್ಲದ ಭಾಗಕ್ಕೆ ಕೆಂಪು ಮಣ್ಣನ್ನೇ ಹಾಕಬೇಕು, ಬಿಳಿ ಬಣ್ಣ ಬಳಿಯುವಂತಿಲ್ಲ. "ಸಿಕ್ಕಿದ್ದು ಬೇರೆ, ನಾವು ಊಹಿಸಿದ್ದು ಬೇರೆ. ಎರಡೂ ಒಂದೇ ಥರ ಕಂಡ್ರೆ ಅದು ಮೋಸ" ಎನ್ನುತ್ತಿದ್ದರು.

ಆಗಲೇ ಪಕ್ಕದ ಮನೆಯ ಮಗುವಿಗೆ ಜ್ವರ ಬಂದು ಇಳಿಯಲಿಲ್ಲ. ಮೇಡಂ ಹಿತ್ತಲಲ್ಲಿ ಒಣಹಾಕಿದ್ದ ಎಲುಬುಗಳನ್ನು ಯಾರೋ ಕಂಡಿದ್ದರು. ನಾನು ಒಳಗಿರುವಾಗಲೇ ಜನ ಸೇರಿ ಬಾಗಿಲು ಬಡಿದರು.

"ಏನಮ್ಮ ಮಾಟ ಮಾಡ್ತಿದೀಯ ಒಳಗೆ? ಆಚೆ ಬಾ!" ಎಂದು ಒಬ್ಬ ಕೋಲು ಎತ್ತಿದ. ಮೇಡಂ ಬಾಗಿಲು ಪೂರ್ತಿ ತೆರೆದು, "ನೀವೇ ಒಳಗೆ ಬಂದು ನೋಡಿ" ಎಂದರು.

ಮುಂದೆ ಬಂದವಳು ಮಗುವಿನ ಅಜ್ಜಿ. ಮೇಡಂ ಅವಳ ಕೈ ಹಿಡಿದು ಭುಜ, ಮೊಣಕೈ, ಮಣಿಕಟ್ಟು ಮುಟ್ಟಿಸಿದರು. ಆಮೇಲೆ ಅದೇ ಬೆರಳನ್ನು ಕೋಳಿಯ ರೆಕ್ಕೆಯ ಮೇಲಿಟ್ಟು ಭುಜ, ಮೊಣಕೈ, ಮಣಿಕಟ್ಟು ಎಂದರು.

ಅಜ್ಜಿ ಬೆಚ್ಚಿ ಕೈ ಎಳೆದುಕೊಂಡಳು. "ಅಯ್ಯೋ ಶಿವನೇ! ನಮ್ ಕೈಯಂಗೇ ಐತಲ್ಲವ್ವ!"

"ಹೂಂ ಅಜ್ಜಿ, ಇಷ್ಟೇ ನಾನು ನೋಡೋದು. ಈಗ ಏಳಿ, ಮಗೂನ ಆಸ್ಪತ್ರೆಗೆ ಕರ್ಕೊಂಡು ಹೋಗೋಣ."

ಕೋಲು ಹಿಡಿದಿದ್ದವನೇ ಆಟೋ ಕರೆತಂದ. ಮಗು ಉಳಿಯಿತು. ಆದರೂ ಮನೆಯ ಮಾಲೀಕ ಅವರನ್ನು ಖಾಲಿ ಮಾಡಿಸಿದ. ಅದನ್ನು ಕೇಳಿ ನಾನು ಅತ್ತುಬಿಟ್ಟೆ. ಮೇಡಂ ಎಲುಬುಗಳನ್ನು ಹತ್ತಿಯಲ್ಲಿ ಸುತ್ತುತ್ತ, "ಕೋಲು ಹಿಡಿದಿದ್ದೋನ ಕೈ ನೋಡಿದ್ಯಾ? ನಡುಗ್ತಾ ಇತ್ತು ಕಣೇ" ಎಂದರಷ್ಟೇ. ಅರಸೀಕೆರೆಗೆ ಮನೆ ಬದಲಿಸಿದರು.

ಕಳೆದ ವರ್ಷ, ನಾನು ವೈದ್ಯೆಯಾಗಿರುವ ಬೇಲೂರಿನ ಪಶು ಆಸ್ಪತ್ರೆಯಲ್ಲಿ ಹಸುವೊಂದಕ್ಕೆ ಹೊಲಿಗೆ ಹಾಕಿ ಕೈ ತೊಳೆಯುವಾಗ ಫೋನ್ ಬಂತು. ಪಾಠ ಮಾಡುತ್ತಿದ್ದಾಗಲೇ ಮೇಡಂ ಕುಸಿದಿದ್ದರು, ಮತ್ತೆ ಏಳಲಿಲ್ಲ. ನಂಬಲಾಗದೆ ಓಡಿದೆ. ಅವರ ಮನೆ ಮುಂದೆ ಮೆಡಿಕಲ್ ಕಾಲೇಜಿನ ವ್ಯಾನು ನಿಂತಿತ್ತು. ದೇಹದಾನ ಮಾಡಿದ್ದರಂತೆ. ನನಗೂ ಹೇಳಿರಲಿಲ್ಲ.

ಅವರ ತಮ್ಮ ವ್ಯಾನಿಗೆ ಅಡ್ಡ ನಿಂತಿದ್ದರು. "ನೀವು ಅಕ್ಕನ ಹತ್ರ ಕಲಿತೋರು, ನಿಜ ಹೇಳಿ. ಅಲ್ಲಿ ಅಕ್ಕನ್ನ ಏನ್ ಮಾಡ್ತಾರೆ?"

ಮುಚ್ಚಿಡಲು ಮನಸ್ಸಾಗಲಿಲ್ಲ. "ಕೊಯ್ದು ನೋಡಿ ಕಲೀತಾರೆ. ನನಗೆ ಇವತ್ತು ಕೊಯ್ಯೋಕೆ, ಹೊಲಿಯೋಕೆ ಬರೋದು ನಿಮ್ಮಕ್ಕನಿಂದ."

ಅವರು ವ್ಯಾನಿನೊಳಗೆ ಮಲಗಿಸಿದ್ದ ಅಕ್ಕನ ಕಡೆ ತಿರುಗಿದರು. "ಹುಡುಗ್ರು ಹೆದರ್ಕೊಳಲ್ವಾ?"

"ಮೊದಲನೇ ದಿನ ಹೆದರ್ತಾರೆ."

ಅವರು ಪಕ್ಕಕ್ಕೆ ಸರಿದರು. ಅಕ್ಕನ ಸೆರಗನ್ನು ಸರಿಮಾಡಿ, ವ್ಯಾನಿನ ಬಾಗಿಲನ್ನು ತಾವೇ ಹಾಕಿದರು.