ರೈಫಲ್ ಮೇಲೆ ನಮ್ಮಮ್ಮನ ಹೆಸರು

"ನಾಗರತ್ನಮ್ಮ ಎಂಬುದು ಯಾವ ದೇಶದ ಬಂದೂಕು ಕಂಪನಿ? ದಯವಿಟ್ಟು ವಿವರ ಕಳಿಸಿ."

ಜರ್ಮನಿಯ ಒಂದು ಪರವಾನಗಿ ಕಚೇರಿಯಿಂದ ಬಂದ ಈ ಇಮೇಲನ್ನು ನಾನು ಬೂದಿಕೋಟೆ ಬಸ್ಸಿನಲ್ಲಿ ನಿಂತುಕೊಂಡೇ ಓದಿದೆ. ಓದಿ, ಮತ್ತೆ ಓದಿದೆ. ಕಂಡಕ್ಟರ್ ಟಿಕೆಟ್ ಟಿಕೆಟ್ ಎಂದು ಕೂಗುತ್ತಲೇ ಇದ್ದ...

ನಾಗರತ್ನಮ್ಮ ಕಂಪನಿಯಲ್ಲ. ನಮ್ಮಮ್ಮ.

ಸ್ವಲ್ಪ ಹಿಂದಕ್ಕೆ ಹೋಗೋಣ. ನನಗೆ ಜರ್ಮನಿಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಆ ಊರಲ್ಲಿ ನನಗೆ ಒಂದು ನರಪಿಳ್ಳೆಯ ಪರಿಚಯವೂ ಇಲ್ಲ. ಇದ್ದದ್ದು ಒಂದೇ ಆಸೆ, ಅಲ್ಲಿನ ಒಂದು ಶೂಟಿಂಗ್ ಕ್ಲಬ್. ನಿನ್ನ ರೈಫಲ್ ತಂದರೆ ಬಾ, ನಮ್ಮ ಜೊತೆ ಆಡು ಎಂದಿದ್ದರು.

ನನ್ನದು ಏರ್ ರೈಫಲ್. ಆಂಡರ್ಸನ್‌ಪೇಟೆಯ ನಮ್ಮ ಕ್ಲಬ್ಬಿನ ಸೀನಿಯರ್ ಅಕ್ಕನಿಂದ ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡದ್ದು. ಕಾಲೇಜಿನಿಂದಲೂ ಅದಕ್ಕೆ ಕೆನ್ನೆ ಕೊಟ್ಟು ಕೊಟ್ಟು ನನ್ನ ಬಲಗೆನ್ನೆ ಅದರ ಆಕಾರಕ್ಕೇ ಬಂದಿದೆ ಎಂದು ನನ್ನ ನಂಬಿಕೆ. ಅದಿಲ್ಲದೆ ಹೋಗುವುದನ್ನು ಊಹಿಸಿಯೇ ಇರಲಿಲ್ಲ.

ವಿದೇಶದವಳು ರೈಫಲ್ ತರಬೇಕಾದರೆ ಮೊದಲೇ ಅನುಮತಿ ಬೇಕು. ಅದಕ್ಕೆ ರೈಫಲ್ ಮೇಲಿನ ಕಂಪನಿ ಗುರುತು ಮತ್ತು ನಂಬರಿನ ಫೋಟೋ ಬೇಕು. ನಾನು ಕೆಜಿಎಫ್‌ನಲ್ಲಿ ಡ್ಯೂಟಿಯಲ್ಲಿದ್ದೆ. ರೈಫಲ್ ಮೇಲೆ ಏನೇನು ಬರೆದಿದೆಯೋ ಅದರ ಫೋಟೋ ಕಳಿಸು ಎಂದು ಅಮ್ಮನಿಗೆ ಹೇಳಿದೆ. ಬಂತು. ವಾರ್ಡಿನ ಗಡಿಬಿಡಿಯಲ್ಲಿ ನೋಡದೆ ಹಾಗೇ ಮುಂದಕ್ಕೆ ಕಳಿಸಿದೆ.

ಈಗ ಬಸ್ಸಿನಲ್ಲಿ ಆ ಫೋಟೋ ದೊಡ್ಡದು ಮಾಡಿ ನೋಡುತ್ತೇನೆ... ನಂಬರ್ ಇರಬೇಕಾದ ಜಾಗದಲ್ಲಿ ಚುಕ್ಕಿ ಚುಕ್ಕಿಯಾಗಿ, ದುಂಡನೆಯ ಇಂಗ್ಲಿಷ್ ಅಕ್ಷರಗಳಲ್ಲಿ, ನಾಗರತ್ನಮ್ಮ, ಬೂದಿಕೋಟೆ.

ಮನೆಯಿಂದ ಹೊರಗೆ ಹೋಗುವ ಪ್ರತಿಯೊಂದು ಸಾಮಾನಿನ ಮೇಲೂ ಹೆಸರಿರತಕ್ಕದ್ದು. ಇದು ನಮ್ಮಮ್ಮನ ಸಂವಿಧಾನದ ಮೊದಲನೇ ವಿಧಿ. ನಮ್ಮದು ಹಾಲು ಹಾಕುವ ಮನೆ. ಡೈರಿಯಲ್ಲಿ ಕ್ಯಾನು ಅದಲುಬದಲಾದರೆ ಎಷ್ಟು ಜಗಳವಾಗುತ್ತದೆ ಎಂಬುದು ಹಾಲು ಹಾಕುವವರಿಗೇ ಗೊತ್ತು.

ಮನೆಗೆ ಬಂದು ಕೇಳಿದೆ. ಅಮ್ಮ ಎಮ್ಮೆ ಮೈ ತೊಳೆಯುತ್ತಿದ್ದವಳು ತಿರುಗಿಯೂ ನೋಡಲಿಲ್ಲ.

"ಪರದೇಶಕ್ಕೋಗೋ ಸಾಮಾನು ಕಣ್ಲೇ. ಎಸ್ರಿಲ್ದೆ ಕಳ್ಸಿದ್ರೆ ವಾಪಸ್ ಬತ್ತದಾ? ಮುನೆಮ್ಮನ್ ಮಗಳ್ ಮದ್ವೇಗೆ ಕೊಟ್ಟಿದ್ ತಪ್ಲೆ ಇನ್ನಾ ಬಂದಿಲ್ಲ. ಅಲ್ಲೋರ್ಗೆ ಕನ್ನಡ ಬರಲ್ಲಾಂತ ಇಂಗ್ಲಿಷ್ನಾಗೇ ಆಕ್ಸಿವ್ನಿ."

ನಂಬರ್ ಹೋದರೆ ರೈಫಲ್ಲನ್ನು ಜರ್ಮನಿಗೆ ಬಿಡುವುದಿಲ್ಲ ಎಂದೆ. ಇದೂ ನಿನ್ ತಮಾಸೆನಾ ಎಂದಳು. ನಾನು ಹೇಳಿದ್ದನ್ನು ನಮ್ಮೂರಲ್ಲಿ ಯಾರೂ ಮೊದಲ ಸಲಕ್ಕೆ ನಂಬುವುದಿಲ್ಲ. ಅದು ನಾನು ಸ್ವಂತ ಪರಿಶ್ರಮದಿಂದ ಗಳಿಸಿದ ಕೀರ್ತಿ.

ಹೆಸರಿನ ಕೆಳಗೆ ನಂಬರ್ ಇನ್ನೂ ಇದ್ದೀತು ಎಂಬ ಆಸೆಯಿಂದ ಮರುದಿನ ರೈಫಲ್ ಹೊತ್ತುಕೊಂಡು ಬಂಗಾರಪೇಟೆಗೆ ಹೋದೆ. ಅಲ್ಲಿ ಪಾತ್ರೆ ಅಂಗಡಿಯ ಮುಂದೆ ಪುಟ್ಟ ಮಿಷನ್ ಇಟ್ಟುಕೊಂಡು ಹೆಸರು ಕೊರೆಯುವ ರಾಜಣ್ಣ ಕೂರುತ್ತಾನೆ. ನನ್ನನ್ನು ಕಂಡೊಡನೆ ಮುಖ ಅರಳಿತು.

"ಎಂಗೈತಮ್ಮಾ ಕೆಲ್ಸ? ಯಾರ್ದೋ ಅಳೇ ನಂಬರಿತ್ತು. ಸೆಕೆಂಡ್ ಸಾಮಾನು ಅಂದ್ರೆ ಅಳೇದು ಉಜ್ಜಿ ತೆಗ್ದೇ ಒಸಾದು ಆಕೋದು ನಮ್ ಪದ್ದತಿ. ಕೈಯಾಡ್ಸಿ ನೋಡು, ಗುರ್ತೇ ಸಿಗಲ್ಲ! ಉಜ್ಜಿದ್ಕೆ ನಿಮ್ಮಮ್ಮನ್ ತಾವ ಕಾಸೂ ತಗಳ್ಳಿಲ್ಲ."

ನಿಜ. ಕೈಯಾಡಿಸಿ ನೋಡಿದೆ. ಗುರುತೇ ಸಿಗಲಿಲ್ಲ. ಕಳ್ಳರು ಕದ್ದುಮುಚ್ಚಿ ಮಾಡುವ ಕೆಲಸವನ್ನು ರಾಜಣ್ಣ ಹಾಡಹಗಲಲ್ಲಿ, ಮಾರ್ಕೆಟ್ ರೋಡಿನಲ್ಲಿ, ಪ್ರೀತಿಯಿಂದ, ಫ್ರೀಯಾಗಿ ಮಾಡಿಕೊಟ್ಟಿದ್ದ. ಬೈಯಲು ಬಾಯಿ ತೆರೆದೆ. ಥ್ಯಾಂಕ್ಸ್ ಅಣ್ಣಾ ಎಂದು ಬಂದೆ. ಯಾಕೆ ಹಾಗೆಂದೆನೋ ಇವತ್ತಿಗೂ ಗೊತ್ತಿಲ್ಲ.

ಕಚೇರಿಗೆ ಎಲ್ಲವನ್ನೂ ಬರೆದೆ. ಹಾಲಿನ ಕ್ಯಾನು, ಮುನೆಮ್ಮನ ತಪ್ಪಲೆ, ಏನೂ ಬಿಡಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಸಂಪೂರ್ಣ ಸತ್ಯ ಹೇಳಿದೆ, ಅದು ನನ್ನ ಎಲ್ಲ ಸುಳ್ಳುಗಳಿಗಿಂತ ದೊಡ್ಡ ಸುಳ್ಳಿನಂತೆ ಕಾಣುತ್ತಿತ್ತು. ಕ್ಲಬ್ಬಿನ ಅಕ್ಕ ಕೊಟ್ಟಿದ್ದ, ನಂಬರ್ ಇದ್ದ ಹಳೇ ಬಿಲ್ಲನ್ನೂ ಲಗತ್ತಿಸಿದೆ.

ಉತ್ತರ ತುಂಬಾ ಮರ್ಯಾದೆಯಿಂದ ಬಂತು. ಬಿಲ್ಲಿನಲ್ಲಿರುವ ರೈಫಲ್ ಬರಬಹುದು. ಆದರೆ ನಿಮ್ಮ ಕೈಯಲ್ಲಿರುವುದು ಅದೇ ಎನ್ನಲು ಗುರುತಿಲ್ಲ, ಆದ್ದರಿಂದ ಅದು ಬರುವಂತಿಲ್ಲ. ನಿಮ್ಮ ತಾಯಿಯವರಿಗೆ ನಮಸ್ಕಾರ ತಿಳಿಸಿ.

ಅಂದರೆ... ನಂಬರ್ ಇದ್ದಾಗ ಅದು ನನ್ನದು. ಮಾಲೀಕರ ಹೆಸರು, ಊರು ಎಲ್ಲ ಬರೆದ ಮೇಲೆ ಅದು ಯಾರದೂ ಅಲ್ಲ!

ಅಮ್ಮನಿಗೆ ಇದನ್ನು ಹೇಳಿದೆ. ಈ ಸಲ ನಂಬಿದಳು. ಅಂದು ರಾತ್ರಿ ಊಟಕ್ಕೆ ಬಡಿಸುವಾಗ ನನ್ನ ಮುಖ ನೋಡಲಿಲ್ಲ. "ಎಸ್ರು ಓದಲ್ವಂತಾ ಆ ಊರ್ನಾಗೆ? ಬರೀ ನಂಬರಾ?" ಎಂದಷ್ಟೇ ಕೇಳಿದಳು. ಆಮೇಲೆ ಆ ಬಿಲ್ ಸ್ವಲ್ಪ ಕೊಡು ಎಂದಳು. ಯಾಕೆಂದು ಕೇಳುವ ಮನಸ್ಸಿರಲಿಲ್ಲ, ಕೊಟ್ಟೆ.

ರೈಫಲ್ ಮನೆಯಲ್ಲೇ ಉಳಿಯಿತು. ನಾನು ಜರ್ಮನಿಗೆ ಬಂದೆ.

ಇಲ್ಲಿ ಆಸ್ಪತ್ರೆಯ ಊಟದ ಕೋಣೆಯಲ್ಲಿ ಅಮ್ಮ ನನ್ನ ಜೊತೆ ಕಳಿಸಿದ ಸ್ಟೀಲ್ ಊಟದ ಡಬ್ಬಿಯನ್ನು ಮೊದಲ ಸಲ ತೆಗೆದೆ. ಮುಚ್ಚಳದ ಮೇಲೆ ಹೆಸರಿಲ್ಲ. ರಾಜಣ್ಣನ ದುಂಡನೆಯ ಚುಕ್ಕಿಗಳಲ್ಲಿ ಒಂದು ಉದ್ದನೆಯ ನಂಬರ್. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದುಕೊಂಡೆ... ನನ್ನ ರೈಫಲ್ಲಿನದು.

ಫೋನ್ ಮಾಡಿದೆ. "ಎಸ್ರು ಆಕಿದ್ರೆ ಇದ್ನೂ ಬುಡಲ್ಲ ಅಂದಾರು ಅಂತ ಅಂಗ್ ಮಾಡ್ದೆ. ಬುಟ್ರು ತಾನೇ?" ಎಂದಳು ಅಮ್ಮ, ಗೆದ್ದವಳ ದನಿಯಲ್ಲಿ. ಬಿಟ್ಟರಮ್ಮಾ ಎಂದೆ.

ಮೊನ್ನೆ ಬರಿಗೈಯಲ್ಲೇ ಆ ಕ್ಲಬ್ಬಿಗೂ ಹೋದೆ. ಒಬ್ಬ ಅಜ್ಜಿ ಕ್ಲಬ್ಬಿನ ರೈಫಲ್ ಕೊಟ್ಟರು. ಅದು ನನ್ನ ಕೆನ್ನೆಗೆ ಇನ್ನೂ ಒಗ್ಗಿಲ್ಲ.

ಸ್ನೇಹಿತರೇ, ನನ್ನ ರೈಫಲ್ ಬೂದಿಕೋಟೆಯಲ್ಲಿ ಅಮ್ಮನ ಹೆಸರು ಹೊತ್ತು ಕೂತಿದೆ, ಅದರ ನಂಬರ್ ಇಲ್ಲಿ ನನ್ನ ಬ್ಯಾಗಿನ ಡಬ್ಬಿಯ ಮೇಲಿದೆ. ಹಾಗಾದರೆ ಕಾನೂನಿನ ಪ್ರಕಾರ ನಾನು ದಿನಾ ಮಧ್ಯಾಹ್ನ ಚಿತ್ರಾನ್ನ ತಿನ್ನುತ್ತಿರುವುದು ಯಾವುದರಲ್ಲಿ?