ಹಬ್ಬೂ ಮನೆಯ ಬಂದೂಕು ದೀಪವಾದದ್ದು

ಆಗೆಲ್ಲ ಚಳಿಗಾಲ ಬಂತೆಂದರೆ ಗಲ್ಫಿನ ಸೀಬ್ ಊರಿನ ನಮ್ಮ ಓಣಿಗೆ ಓಣಿಯೇ ಅಂಗಳಕ್ಕಿಳಿಯುತ್ತಿತ್ತು. ಏಸಿಗಳ ಗುಂಯ್‌ಗುಡುವಿಕೆ ನಿಂತು, ಒಂದು ಮನೆಯಿಂದ ಸುಟ್ಟ ಮೀನಿನ ವಾಸನೆ, ಇನ್ನೊಂದರಿಂದ ಲೋಬಾನದ ಹೊಗೆ, ನಮ್ಮ ಮನೆಯಿಂದ ಅಮ್ಮನ ಸಾರಿನ ಒಗ್ಗರಣೆ. ನಾವು ಮಕ್ಕಳು ಕತ್ತಲಾಗುವ ತನಕ ರಸ್ತೆಯಲ್ಲೇ ಕುಂಟೆಬಿಲ್ಲೆ ಆಡುತ್ತಿದ್ದೆವು. ಗಲ್ಫಿನಲ್ಲಿ ಬೆಳೆದ ನಿಮಗೂ ಆ ಹಿತವಾದ ಬಿಸಿಲು ನೆನಪಿರಬೇಕು.

ಅಂಥದೊಂದು ಚಳಿಗಾಲದಲ್ಲಿ ಪಕ್ಕದ ಮನೆಯ, ಅದೇ ಊರಿನ ಅರಬರಾದ ಸಲೀಂ ಅಂಕಲ್ ತಮ್ಮ ಅತಿಥಿಗಳ ಕೋಣೆಯನ್ನು ಹೊಸದು ಮಾಡಿಸಿದರು. ಅಲ್ಲಿ ಗೋಡೆಗೆ ತೂಗುತ್ತಿದ್ದ ಹಳೇ ಕಾಲದ ಚಕಮಕಿ ಬಂದೂಕು ಅಪ್ಪನ ಪಾಲಿಗೆ ಬಂತು. ಅಪ್ಪ ಮೈಸೂರಿನವರು, ಮೆಂಟೆನೆನ್ಸ್ ಇಂಜಿನಿಯರ್. ರಜೆಯಲ್ಲೂ ಸ್ಕ್ರೂಡ್ರೈವರ್ ಕೆಳಗಿಡದವರು.

"ಇದನ್ನ ಎಲ್ಲಿಡ್ತೀರಿ? ದೇವರ ಮನೆ ಪಕ್ಕಾನಾ?" ಅಂದಳು ಅಮ್ಮ.

"ಹಾಲ್‌ನಲ್ಲಿ ನಿಲ್ಲಿಸೋ ದೀಪ ಮಾಡ್ತೀನಿ ಕಣೆ. ಕಿಡಿ ಹೊಡೆಯೋ ಕುದುರೆ-ಗಿದುರೆ ಬಿಚ್ಚಿಬಿಟ್ರೆ ಇದು ಬರೀ ಮರ, ಕೊಳವೆ."

ಶುಕ್ರವಾರ ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಹಳೇ ಬೆಡ್‌ಶೀಟ್ ಹಾಸಿ, ಬಂದೂಕಿನ ಬಾಯನ್ನು ಮರಳಿನ ಗುಡ್ಡೆಯ ಕಡೆಗೆ ತಿರುಗಿಸಿ ಮಲಗಿಸಿದರು. "ಖಾಲಿ ಅಂತ ಯಾರು ಹೇಳಿದ್ರೂ ನಂಬಬಾರದು ಪುಟ್ಟಿ," ಎಂದು ತೆಳ್ಳನೆಯ ಕೋಲೊಂದನ್ನು ಕೊಳವೆಯೊಳಗೆ ಅದು ತಡೆದು ನಿಲ್ಲುವ ತನಕ ತೂರಿಸಿದರು. ಬಾಯಿಯ ಬಳಿ ಬೆರಳಿಂದ ಗುರುತು ಹಿಡಿದು, ಕೋಲನ್ನು ಹೊರಗೆ ತೆಗೆದು ಕೊಳವೆಯ ಮೇಲೆ ಅಳೆದು ನೋಡಿದರು. ಕಿಡಿ ಹೋಗುವ ತೂತಿಗಿಂತ ಗೇಣುದ್ದ ಮುಂಚೆಯೇ ಕೋಲು ನಿಂತಿತ್ತು.

ಅಪ್ಪನ ಮುಖ ಬಿಗಿಯಾಯಿತು. "ಒಳಗೆ ಏನೋ ಇದೆ. ಎಲ್ಲ ಒಳಗೆ ನಡೀರಿ."

ಅಮ್ಮ ಅರ್ಧ ಬೆಂದ ಉಪ್ಪಿಟ್ಟಿನ ಒಲೆ ಆರಿಸಿದಳು. ಓಡಿ ಬಂದ ಸಲೀಂ ಅಂಕಲ್, "ಇಂಜಿನಿಯರ್ ಸಾಬ್, ಮೇರೇ ಬಾಪ್ ಕೇ ಟೈಮ್ ಸೇ ದೀವಾರ್ ಪರ್ ಥಾ!" ಎಂದು ತಮಗೆ ಬರುವ ಹಿಂದಿಯಲ್ಲಿ ಹೇಳುತ್ತ ಬೆವರಿದರು. ಅಪ್ಪ ಆ ದಿನ ಒಂದು ಸ್ಕ್ರೂವನ್ನೂ ಮುಟ್ಟಲಿಲ್ಲ. ಮದ್ದೇನಾದರೂ ಇದ್ದರೆ ನೆಂದು ಸಾಯಲಿ ಎಂದು ಕೊಳವೆಯ ತುಂಬ ನೀರು ಹುಯ್ದು, ಗೇಟಿಗೆ ಬೀಗ ಹಾಕಿದರು.

ಮರುದಿನ ಕೋಲಿನ ತುದಿಗೆ ತಿರುಚಿದ ತಂತಿ ಕಟ್ಟಿ, ಬಂದೂಕಿನ ಬಾಯಿಗೆ ಎದುರಾಗದಂತೆ ಪಕ್ಕಕ್ಕೆ ಕೂತು, ಮೆಲ್ಲಗೆ ತಿರುಗಿಸಿ ಎಳೆದರು. ಮೊದಲು ಒದ್ದೆ ಬಟ್ಟೆಯ ಉಂಡೆ ಬಂತು. ಕೊಳವೆಯನ್ನು ಬಗ್ಗಿಸಿದಾಗ ಚರಚರನೆ ನೀಲಿ ಮಣಿಗಳು ಬೆಡ್‌ಶೀಟಿನ ಮೇಲೆ ಸುರಿದವು!

ಗೇಟಿನ ಬಳಿ ಸಲೀಂ ಅಂಕಲ್‌ ಅವರ ತಾಯಿ ನಿಂತಿದ್ದರು. ಓಣಿಯ ಮಕ್ಕಳೆಲ್ಲ ಅವರನ್ನು 'ಹಬ್ಬೂ' ಎಂದೇ ಕರೆಯುತ್ತಿದ್ದೆವು, ಅಜ್ಜಿ ಎಂದರ್ಥ. ಹಬ್ಬೂ ಊರುಗೋಲನ್ನು ಅಲ್ಲೇ ಬಿಟ್ಟು ಬಂದವರೇ, "ಹಾದಾ ಮಾಲೀ! ನನ್ನದಿದು!" ಎಂದು ಕೂಗಿದರು.

ಅವರು ತವರೂರು ಇಬ್ರಾದಲ್ಲಿ ಹುಡುಗಿಯಾಗಿದ್ದಾಗ ಈದಿಗೆ ಬಂದ ಮಣಿಸರ ಅದು. ಬಂದೂಕೂ ಅವರ ಮದುವೆಯಲ್ಲಿ ಆ ತವರಿನಿಂದಲೇ ಬಂದದ್ದು. ಹಾಕಿಕೊಳ್ಳುವ ಮೊದಲೇ ಮಾಯವಾಗಿತ್ತು. ಜಿನ್ ಎಂಬ ಭೂತ ಒಯ್ದಿತು ಎಂದು ಅವರ ತಮ್ಮ ಆಣೆ ಹಾಕಿದ್ದನಂತೆ. ಬೈಗುಳವೆಲ್ಲ ಹಬ್ಬೂ ತಿಂದಿದ್ದರು. ಈಗ ಮಗನ ಮೊಬೈಲ್ ಕಸಿದುಕೊಂಡು ಆ ತಮ್ಮನಿಗೇ ಫೋನ್ ಹಚ್ಚಿದರು.

"ಯಾ ಹರಾಮೀ! ಕಳ್ಳ! ನಿನ್ನ ಜಿನ್ ಸಿಕ್ಕಿತು ಕಣೋ, ಬಂದೂಕಿನೊಳಗೆ ಕೂತಿತ್ತು!"

ಆ ಕಡೆಯಿಂದ ಮುದುಕರೊಬ್ಬರು ಕೆಮ್ಮುತ್ತ, ಉಸಿರುಕಟ್ಟುವಂತೆ ನಗುವುದು ನಮಗೆಲ್ಲ ಕೇಳಿಸಿತು. "ಖಲಾಸ್ ಅಕ್ಕಾ, ಖಲಾಸ್..."

"ಖಲಾಸ್ ಇಲ್ಲ! ಹಲ್ವಾ ತಗೊಂಡು ಬಾ!"

ಮುಂದಿನ ಶುಕ್ರವಾರ ಅವರು ಬಂದೇ ಬಂದರು. ಹಲ್ವಾದ ದೊಡ್ಡ ಡಬ್ಬಿ ಕೆಳಗಿಟ್ಟು ಅಕ್ಕನ ನೆತ್ತಿಗೆ ಮುತ್ತಿಟ್ಟರು. ಅಷ್ಟರಲ್ಲಿ ಅಪ್ಪ ಕುದುರೆ, ಸ್ಪ್ರಿಂಗು, ಚಕಮಕಿ ಕಲ್ಲು ಎಲ್ಲವನ್ನೂ ಬಿಚ್ಚಿ, ಕೊಳವೆಯೊಳಗೆ ವೈರು ಹಾಯಿಸಿ ದೀಪ ನಿಲ್ಲಿಸಿದ್ದರು. ಅದರ ಮುಸುಕಿಗೆ ಅಮ್ಮನ ಹಳೇ ರೇಷ್ಮೆ ಸೀರೆಯ ಸೆರಗು. ಆ ಕೆಂಪು ಬೆಳಕಿನಲ್ಲಿ ಹಬ್ಬೂ ಹೊಸ ದಾರಕ್ಕೆ ಪೋಣಿಸಿದ ಸರ ಹಾಕಿಕೊಂಡು ಕೂತು ತಮ್ಮನನ್ನು ಬೈದೇ ಬೈದರು. ನಡುವೆ ನನ್ನತ್ತ ತಿರುಗಿ, "ಕುಲೀ, ತಿನ್ನು!" ಎಂದು ಗದರಿ, ಏಲಕ್ಕಿ ಘಮದ ಹಲ್ವಾವನ್ನು ಬಾಯಿಗೆ ತುರುಕುತ್ತಿದ್ದರು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಅಕ್ಕ-ತಮ್ಮ ಇಬ್ಬರೂ ಈಗಿಲ್ಲ. ನಾನು ಸೀಬಿಗೆ ದೂರವಲ್ಲದ ಅಲ್ ಅಜೈಬಾದಲ್ಲಿದ್ದೇನೆ. ಆಫೀಸಿನಲ್ಲಿ ದಿನವಿಡೀ ಅಚ್ಚುಕಟ್ಟಾದ ಅರೇಬಿಕ್ ಆಡುತ್ತೇನೆ. ಎಲ್ಲರೂ ನನ್ನನ್ನು ಮೇಡಂ ಎನ್ನುತ್ತಾರೆ. ಗದರಿಸಿ ತಿನ್ನಿಸುವ ಆ ಅರೇಬಿಕ್ಕನ್ನು ಮಾತ್ರ ನನ್ನೊಂದಿಗೆ ಈಗ ಯಾರೂ ಆಡುವುದಿಲ್ಲ.